ಕಾಲುವೆಯ ಕೊನೆಯ ಹೊಲ

ನನ್ನ ಸೋದರಮಾವನ ಹೊಲ ಇರುವುದು ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆ ಮುಗಿಯುವ ಜಾಗದಲ್ಲಿ. ಅವರ ಮಗಳನ್ನು ಕೊಟ್ಟಿರುವುದು ಅದೇ ಕಾಲುವೆಯ ಮೇಲಿನ ಊರಿಗೆ, ಸಿಂಧನೂರು ದಾಟಿ. ಮದುವೆಯ ಮಾತುಕತೆ ನಡೆದಾಗ ಹಿರಿಯರೊಬ್ಬರು, "ನೀರು ಮೊದಲ ಮುಟ್ಟೋ ಊರಿಗೆ ಹೆಣ್ಣು ಕೊಡಾಕ ಹತ್ತೀರಿ, ಮತ್ತೇನು ನೋಡೋದೈತಿ" ಅಂದಿದ್ದರಂತೆ. ನಮ್ಮ ಕಡೆ ಬೀಗತನ ಮಾಡುವಾಗ ಹೊಲ ಎಷ್ಟು ಎಂದು ಕೇಳಿದ ಮೇಲೆ, ಆ ಹೊಲ ಕಾಲುವೆಯ ಯಾವ ಕಡೆ ಇದೆ ಎಂದು ಕೇಳುವುದೂ ಉಂಟು. ಹೀಗಾಗಿ ನಮ್ಮ ಮನೆತನದಲ್ಲಿ ಒಂದೇ ಕಾಲುವೆಯ ಎರಡು ತುದಿಗಳಿವೆ. ನಾನು ರಾಯಚೂರಿನಲ್ಲಿ ಬಾಡಿಗೆ ಮನೆಯಲ್ಲಿರುವವನು. ನನಗೆ ಹೊಲವಿಲ್ಲ, ನಲ್ಲಿ ಇದೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ತುಂಗಭದ್ರಾ ಜಲಾಶಯ ತುಂಬಲಿಲ್ಲ. ಆ ವರ್ಷದ ದಸರೆ ರಜೆಯಲ್ಲಿ ಅಕ್ಕನ ಊರಿಗೆ ಹೋಗಿದ್ದೆ. ಭಾವ ಆರು ಎಕರೆ ಲೀಸಿಗೆ ಹಿಡಿದು ಭತ್ತ ಹಾಕಿದ್ದರು. ಪೈರು ಹೊಡೆಯಾಗಿತ್ತು, ಇನ್ನೇನು ತೆನೆ ಹೊರಬರಬೇಕು. ರಾತ್ರಿ ಊಟವಾದ ಮೇಲೆ ಭಾವ ಬ್ಯಾಟರಿ ಹಿಡಿದು ಹೊರಟರು, ನಾನೂ ಜೊತೆಗೆ ಹೋದೆ. ಕಾಲುವೆಯ ಏರಿಯ ಮೇಲೆ ಡೀಸೆಲ್ ಇಂಜಿನ್ ಇತ್ತು. ಪೈಪು ಕಾಲುವೆಯೊಳಗೆ ಇಳಿದಿತ್ತು. ಅವರದೊಂದೇ ಅಲ್ಲ, ಕತ್ತಲಲ್ಲಿ ಕಿವಿಗೊಟ್ಟರೆ ಮೇಲೂ ಕೆಳಗೂ ಇಂಜಿನ್‌ಗಳ ಸದ್ದು ಕೇಳುತ್ತಿತ್ತು.

ನಾನು ಏನೂ ಕೇಳಲಿಲ್ಲ. ಆದರೂ ಭಾವನೇ ಮಾತು ತೆಗೆದರು. "ಇನ್ನ ಎರಡು ನೀರು ಸಿಕ್ಕರ ಬೆಳಿ ಕೈಗೆ ಬರ್ತದ. ಇಲ್ಲಾಂದ್ರ ಹೊಲದ ಮಾಲಕರಿಗೆ ಏನ್ ಅಳೀಲಿ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದರು: "ನಿಮ್ಮ ಮಾವನ ಹೊಲದ್ದು ಮನಸ್ಸಿನ್ಯಾಗ ಇಲ್ಲ ಅಂತಲ್ಲ. ಆದ್ರ ನಾನೊಬ್ಬ ಇಂಜಿನ್ ಬಂದ್ ಮಾಡಿದ್ರ ಆ ನೀರು ಅಲ್ಲೀತನ ಮುಟ್ತಾವೇನು? ನಡುವ ಎಷ್ಟು ಮಂದಿ ಅದಾರ ನೋಡು. ನಾ ಬಿಟ್ಟಿದ್ದನ್ನ ಮುಂದಿನಾಂವ ಎತ್ಕೋತಾನ."

ನಾಲ್ಕು ದಿನ ಬಿಟ್ಟು ಮಾನ್ವಿಯ ಕಡೆ ಹೋದೆ. ಮಾವನ ಹೊಲದಲ್ಲಿ ಮೆಣಸಿನಗಿಡ ಮೊಣಕಾಲೆತ್ತರಕ್ಕೆ ನಿಂತು ಬಾಡಿತ್ತು. ಕರಿ ಎರೆ ನೆಲ ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ಕೈ ಇಳಿಯುತ್ತಿತ್ತು. ಉಪಕಾಲುವೆಯ ತಳದಲ್ಲಿ ಜಾಲಿ ಚಿಗುರಿತ್ತು. ಮಾವ ತೂಬಿನ ಮೇಲೆ ಕೂತು, "ಅಳಿಯರ ಬೆಳಿ ಹೆಂಗದ?" ಎಂದು ಕೇಳಿದರು. "ಚಲೋ ಅದ ಮಾಮ" ಅಂದೆ. "ಚಲೋ ಆತು ಬಿಡು" ಅಂದರು. ಇಂಜಿನ್ ವಿಷಯ ನಾನು ಹೇಳಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಭಾವ ಮಾಡಿದ್ದು ಕಳವೇ? ಕಾನೂನಿನ ಮಾತು ಬೇರೆ. ಕಾಲುವೆಗೆ ಪಂಪ್‌ಸೆಟ್ ಇಡುವುದು ಅಕ್ರಮ. ನೀರು ಕಡಿಮೆಯಾದ ವರ್ಷಗಳಲ್ಲಿ ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಹಾಕುತ್ತಾರೆ, ಪೊಲೀಸರು ಗಸ್ತು ತಿರುಗುತ್ತಾರೆ, ಪೈಪು ಕಿತ್ತುಹಾಕುತ್ತಾರೆ, ವಿದ್ಯುತ್ ಸಂಪರ್ಕ ಕಡಿಯುತ್ತಾರೆ. ನಾನು ಕೇಳುತ್ತಿರುವುದು ನೀತಿಯ ಪ್ರಶ್ನೆ. ತನ್ನ ಹೊಲದ ಪಕ್ಕದಲ್ಲೇ ಹರಿದುಹೋಗುವ ನೀರನ್ನು, ತನ್ನ ಪೈರು ಸಾಯುತ್ತಿರುವಾಗ ಎತ್ತಿಕೊಂಡವನು ತಪ್ಪಿತಸ್ಥನೇ? ತಪ್ಪಿತಸ್ಥನಾದರೆ ಆ ತಪ್ಪು ನಡೆದದ್ದು ಎಲ್ಲಿ, ಯಾವಾಗ?

ಅಮರ್ತ್ಯ ಸೇನ್ ನ್ಯಾಯದ ಕುರಿತು 2009ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮೂರು ಮಕ್ಕಳು ಒಂದು ಕೊಳಲಿಗಾಗಿ ಜಗಳವಾಡುವ ಪ್ರಸಂಗವಿದೆ. ಒಂದು ಮಗುವಿಗೆ ಕೊಳಲು ನುಡಿಸಲು ಬರುತ್ತದೆ. ಇನ್ನೊಂದು ಮಗುವಿಗೆ ಆಡಲು ಬೇರೆ ಆಟಿಕೆಯೇ ಇಲ್ಲ. ಮೂರನೆಯದು ಕೊಳಲನ್ನು ಕಷ್ಟಪಟ್ಟು ಮಾಡಿದೆ. ಮೂರು ವಾದಗಳಲ್ಲೂ ನ್ಯಾಯವಿದೆ, ಕೊಳಲು ಮಾತ್ರ ಒಂದೇ. ಎಡದಂಡೆ ಕಾಲುವೆಯ ಮೇಲೆ ನಿಂತರೆ ಈ ಮೂರೂ ದನಿಗಳು ಕೇಳುತ್ತವೆ. ನೀರನ್ನು ಚೆನ್ನಾಗಿ ಬಳಸಿ ಎಕರೆಗೆ ಹೆಚ್ಚು ಚೀಲ ತೆಗೆಯುವವರು ನಾವು ಎನ್ನುತ್ತಾರೆ ಮೇಲಿನವರು. ಕಾಲುವೆ ಬಂದ ಹೊಸದರಲ್ಲಿ ಗಿಡಗಂಟಿ ಕಡಿದು ನೆಲ ಸಮತಟ್ಟು ಮಾಡಿ ಗದ್ದೆ ಕಟ್ಟಿದವರು ನಾವು ಎನ್ನುತ್ತಾರೆ ಕ್ಯಾಂಪುಗಳವರು. ನಮಗೆ ಬೇರೆ ಗತಿಯಿಲ್ಲ ಎನ್ನುತ್ತಾರೆ ಕೊನೆ ಭಾಗದವರು. ಆದರೆ ಕೊಳಲಿಗೂ ಕಾಲುವೆಗೂ ಒಂದು ವ್ಯತ್ಯಾಸವಿದೆ. ಸೇನ್ ಅವರ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾ ಜಗಳವಾಡುತ್ತಾರೆ. ಇಲ್ಲಿ ಕೊಳಲು ಮೊದಲ ಮಗುವಿನ ಕೈಗೆ ಬಂದು, ಅದು ಬಿಟ್ಟರೆ ಮಾತ್ರ ಎರಡನೆಯದಕ್ಕೆ ಹೋಗುತ್ತದೆ. ಮೂರನೆಯ ಮಗು ಎಲ್ಲಿದೆ ಎಂದು ಮೊದಲನೆಯದಕ್ಕೆ ಕಾಣುವುದೇ ಇಲ್ಲ.

ಈ ಕಾಲುವೆ ಹುಟ್ಟಿದ್ದೇ ಹಂಚಿಕೆಯ ಲೆಕ್ಕದಲ್ಲಿ. 1945ರಲ್ಲಿ ಅಡಿಗಲ್ಲು ಹಾಕಿಸಿಕೊಂಡು 1953ರಲ್ಲಿ ನೀರು ಕೊಟ್ಟ ತುಂಗಭದ್ರಾ ಅಣೆಕಟ್ಟನ್ನು ಆಗಿನ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೂಡಿ ಕಟ್ಟಿಸಲು ಹೊರಟದ್ದು ಬರಗಾಲದ ಭಯದಿಂದ. ಎಡದಂಡೆ ಹೈದರಾಬಾದಿನದು. ಕಾಲುವೆಯ ಉದ್ದ 227 ಕಿಲೋಮೀಟರ್. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಬರುತ್ತದೆ. ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಬಚಾವತ್ ನೇತೃತ್ವದ ಕೃಷ್ಣಾ ನ್ಯಾಯಮಂಡಳಿ ಈ ಕಾಲುವೆಗೆ ಇಟ್ಟದ್ದು 92 ಟಿಎಂಸಿ ಅಡಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ವಿದ್ಯಾರ್ಥಿಗಳು ಒಂದು ಹಾಳೆ ತೆಗೆದುಕೊಂಡು ಭಾಗಿಸಿ ನೋಡಬಹುದು: ಇಡೀ ವರ್ಷದ ನೀರನ್ನು ಅಷ್ಟೂ ನೆಲದ ಮೇಲೆ ಸಮನಾಗಿ ಹರಡಿದರೆ ಮೂರೂವರೆ ಅಡಿ ನಿಲ್ಲುತ್ತದೆ. ಅದರಲ್ಲೂ ಕಾಲುವೆಯಲ್ಲಿ ಇಂಗುವುದು, ಆವಿಯಾಗುವುದು ಕಳೆಯಬೇಕು. ಭತ್ತಕ್ಕೆ ಒಂದು ಬೆಳೆಗೇ ಹೆಚ್ಚುಕಡಿಮೆ ನಾಲ್ಕು ಅಡಿ ನೀರು ಬೇಕು. ಎಲ್ಲರೂ ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆಯುವುದು ಗಣಿತದಲ್ಲೇ ಆಗದ ಮಾತು.

ಕಾಲುವೆ ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಅವರು ಇದನ್ನು ಭತ್ತದ ಕಾಲುವೆಯಾಗಿ ಮಾಡಲಿಲ್ಲ. ಕಡಿಮೆ ನೀರನ್ನು ಹೆಚ್ಚು ಜನಕ್ಕೆ ಹಂಚಿ, ಜೋಳ, ಹತ್ತಿ, ಶೇಂಗಾ ಬೆಳೆಯುವ ರೈತನಿಗೆ ಮಳೆ ಕೈಕೊಟ್ಟಾಗ ಒಂದೆರಡು ನೀರು ಸಿಗುವಂತೆ ಮಾಡುವುದು ಉದ್ದೇಶವಾಗಿತ್ತು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ದಾಖಲೆಯಲ್ಲಿ ಬರೆದಿಟ್ಟರು; ಭತ್ತಕ್ಕೆ ಅಂತ ಗುರುತಿಸಿದ್ದು ಅಲ್ಪ ಭಾಗ. ಆದರೆ ಕಾಗದದಲ್ಲಿದ್ದದ್ದು ನೆಲಕ್ಕೆ ಇಳಿಯಲಿಲ್ಲ. ಆಂಧ್ರದ ಕರಾವಳಿಯಿಂದ ಭತ್ತದ ಕೃಷಿ ಬಲ್ಲವರು ಬಂದು ಕಾಲುವೆಯ ಮೇಲುಭಾಗದಲ್ಲಿ ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಕೊನೆ ಭಾಗದ ಕಾಲುವೆಗಳು ಇನ್ನೂ ಪೂರ್ಣವಾಗಿ ಸಿದ್ಧವಾಗಿರದ ಕಾಲ ಅದು. ನೀರು ಉಳಿಯುತ್ತಿತ್ತು, ಬಳಸಿದರು. ಅವರನ್ನು ನೋಡಿ ಸ್ಥಳೀಯರೂ ಭತ್ತ ಹಾಕಿದರು. ಸೋನಾ ಮಸೂರಿಗೆ ಹೆಸರು ಬಂತು, ಅಕ್ಕಿ ಗಿರಣಿಗಳು ಎದ್ದವು. ಕೆಳಗಿನ ಕಾಲುವೆಗಳು ಮುಗಿಯುವ ಹೊತ್ತಿಗೆ ಆ ನೀರಿಗೆ ಮೇಲೆ ವಾರಸುದಾರರು ಹುಟ್ಟಿಯಾಗಿತ್ತು.

ಇಲ್ಲಿಂದಲೇ ಮೊದಲ ವಾದ ಬಲ ಪಡೆಯುತ್ತದೆ: ಮೊದಲು ಬಳಸಿದವನಿಗೆ ಮೊದಲ ಹಕ್ಕು. ಇದನ್ನು ಬರೀ ಸ್ವಾರ್ಥದ ಮಾತು ಎಂದು ತಳ್ಳಿಹಾಕುವಂತಿಲ್ಲ. ಬಚಾವತ್ ನ್ಯಾಯಮಂಡಳಿಯೇ ರಾಜ್ಯಗಳ ನಡುವೆ ಕೃಷ್ಣೆಯ ನೀರು ಹಂಚುವಾಗ 1960ರ ಸೆಪ್ಟೆಂಬರ್ ವೇಳೆಗೆ ಇದ್ದ ಬಳಕೆಗಳಿಗೆ ರಕ್ಷಣೆ ಕೊಟ್ಟಿತು. ಅದರ ಹಿಂದೆ ಒಂದು ವಿವೇಕವಿದೆ. ಒಂದು ತಲೆಮಾರು ನೀರನ್ನು ನಂಬಿ ಮನೆ ಕಟ್ಟಿದೆ, ಸಾಲ ಮಾಡಿದೆ, ಮಕ್ಕಳನ್ನು ಓದಿಸಿದೆ. ಅದನ್ನು ಒಮ್ಮೆಲೇ ಕಿತ್ತುಕೊಂಡರೆ ಅದೂ ಅನ್ಯಾಯ. ಆದರೆ ಈ ವಾದಕ್ಕೆ ಒಂದು ದೋಷವಿದೆ. ಮೇಲಿನವನು ಮೊದಲು ಬಳಸಿದ್ದು ಅವನು ಹೆಚ್ಚು ಶ್ರಮಿಸಿದ್ದರಿಂದಷ್ಟೇ ಅಲ್ಲ. ನೀರು ಅವನ ಹೊಲಕ್ಕೆ ಮೊದಲು ಬಂದದ್ದರಿಂದ. ಇಳಿಜಾರು ಕೊಟ್ಟ ಅನುಕೂಲವನ್ನು ಕಾಲ ಹಕ್ಕಾಗಿ ಬದಲಿಸಿತು.

ಎರಡನೆಯ ವಾದ ಅಗತ್ಯದ್ದು. ಭಾವ ಹೇಳಿದ್ದು ಇದನ್ನೇ: ಹೊಡೆಯಾದ ಪೈರಿಗೆ ನೀರು ತಪ್ಪಿದರೆ ಜೊಳ್ಳಾಗುತ್ತದೆ. ಹಾಕಿದ ಗೊಬ್ಬರ, ಕೂಲಿ, ಲೀಸು ಎಲ್ಲ ಹೋಗುತ್ತದೆ. ಆ ಕ್ಷಣದಲ್ಲಿ ಅವರ ಅಗತ್ಯ ನಿಜವಾದದ್ದು, ಮಾವನ ಅಗತ್ಯಕ್ಕಿಂತ ಕಡಿಮೆಯದಲ್ಲ. ಲೆಕ್ಕ ಹಾಕಿದರೆ ನಷ್ಟ ಹೆಚ್ಚೇ ಆದೀತು. ರಾತ್ರಿ ಏರಿಯ ಮೇಲೆ ನಿಂತು ಅಳೆದರೆ ಭಾವನ ಕಡೆಯೇ ತಕ್ಕಡಿ ವಾಲುತ್ತದೆ. ನನಗೆ ಬಾಯಿ ಬಾರದೇ ಇದ್ದದ್ದೂ ಅದಕ್ಕೇ.

ಆದರೆ ತಕ್ಕಡಿಯನ್ನು ಹಿಡಿಯಬೇಕಾದ ಹೊತ್ತು ಅದಲ್ಲ ಎಂದು ನನಗೆ ಆಮೇಲೆ ಅನಿಸಿತು. ಆ ಅಗತ್ಯ ಹುಟ್ಟಿದ್ದು ಸಸಿಮಡಿಯಲ್ಲಿ. ಜಲಾಶಯದಲ್ಲಿ ನೀರು ಕಡಿಮೆ ಎಂದು ತಿಳಿದೂ ಆರು ಎಕರೆಗೆ ಭತ್ತದ ಸಸಿ ಹಾಕಿದ ದಿನವೇ ಅಕ್ಟೋಬರಿನ ನೀರನ್ನು ಎತ್ತಿಕೊಂಡಂತಾಯಿತು. ಅಂದು ಯಾವ ಇಂಜಿನ್ನಿನ ಸದ್ದೂ ಇರಲಿಲ್ಲ, ಯಾವ ಕಾನೂನೂ ಅಡ್ಡ ಬರಲಿಲ್ಲ. ಇತ್ತ ಮಾವ ನೀರಿನ ಭರವಸೆ ಇಲ್ಲದ್ದರಿಂದಲೇ ಭತ್ತದ ಆಸೆ ಬಿಟ್ಟು ಮೆಣಸಿನಕಾಯಿ, ಜೋಳ ಹಾಕಿದ್ದರು. ಕಡಿಮೆ ಕೇಳಿದವನ ಅಗತ್ಯ ಕಡಿಮೆ ಎಂದು ಕಾಣುವುದು, ಹೆಚ್ಚು ಕೇಳಿದವನ ಅಗತ್ಯ ಹೆಚ್ಚು ಎಂದು ಕಾಣುವುದು ಇಲ್ಲಿಯ ವಿಪರ್ಯಾಸ. ಅಗತ್ಯವನ್ನೇ ಅಳತೆಗೋಲು ಮಾಡಿದರೆ ಸಂಯಮ ತೋರಿದವನೇ ಸೋಲುತ್ತಾನೆ. ಮುಂದಿನ ವರ್ಷ ಅವನೂ ಭತ್ತ ಹಾಕುವುದನ್ನು ಕಲಿಯುತ್ತಾನೆ.

ಇಷ್ಟಕ್ಕೇ ಬಿಟ್ಟರೆ ಭಾವನಿಗೆ ಅನ್ಯಾಯವಾಗುತ್ತದೆ. ಅವರಿಗೆ ಸಸಿಮಡಿಯ ದಿನ ನಿಜವಾದ ಆಯ್ಕೆ ಇತ್ತೇ? ಹೊಲ ಅವರದಲ್ಲ. ಅದರ ಲೀಸು ಭತ್ತದ ಇಳುವರಿ ನೋಡಿ ನಿಗದಿಯಾದದ್ದು. ಜೋಳ ಬೆಳೆದು ಅದನ್ನು ತೀರಿಸಲು ಆಗದು. ಸುತ್ತಲೂ ಗದ್ದೆಯಿದ್ದರೆ ನಡುವಿನ ಹೊಲದಲ್ಲಿ ಬಸಿನೀರು ನಿಂತು ಹತ್ತಿ ಬಾರದು. ಅಂಗಡಿಯವರು ಸಾಲ ಕೊಡುವುದೂ ಭತ್ತ ನೋಡಿಯೇ. ಹಾಗಾದರೆ ತಪ್ಪು ಹೊಲದ ಮಾಲೀಕರದೇ? ಅರ್ಧ ಶತಮಾನ ಕಾಲ ಬೆಳೆ ಉಲ್ಲಂಘನೆಯನ್ನು ನೋಡಿಯೂ ನೋಡದಂತಿದ್ದ ಸರ್ಕಾರಗಳದೇ? ಎಲ್ಲರಲ್ಲೂ ಸ್ವಲ್ಪ ಸ್ವಲ್ಪ ಹಂಚಿಹೋದ ತಪ್ಪು ಕೊನೆಗೆ ಯಾರದೂ ಅಲ್ಲದಂತಾಗುತ್ತದೆ. ನೀರು ಮಾತ್ರ ಮಾನ್ವಿಗೆ ಬರುವುದಿಲ್ಲ.

ಭಾವ ಹೇಳಿದ ಇನ್ನೊಂದು ಮಾತು ಇದಕ್ಕಿಂತ ಕಠಿಣ. "ನಾ ಬಿಟ್ಟಿದ್ದನ್ನ ಮುಂದಿನಾಂವ ಎತ್ಕೋತಾನ." ಇದು ನೆಪ ಮಾತ್ರವಲ್ಲ, ಬಹುಮಟ್ಟಿಗೆ ನಿಜ. ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಒಂದು ಕಡೆ ಇಂಥದ್ದನ್ನೇ ಹೇಳುತ್ತಾನೆ: ಇಬ್ಬರು ನೆರೆಯವರು ತಮ್ಮ ಜಂಟಿ ಹುಲ್ಲುಗಾವಲಿನ ನಿಂತ ನೀರನ್ನು ಬಸಿದುಹಾಕಲು ಒಪ್ಪಂದಕ್ಕೆ ಬರಬಹುದು, ಏಕೆಂದರೆ ಒಬ್ಬ ಕೈಬಿಟ್ಟರೆ ಕೆಲಸವೇ ಕೆಡುತ್ತದೆ ಎಂದು ಇಬ್ಬರಿಗೂ ಗೊತ್ತು. ಸಾವಿರ ಜನ ಸೇರಿದರೆ ಪ್ರತಿಯೊಬ್ಬನೂ ಭಾರವನ್ನು ಉಳಿದವರ ಮೇಲೆ ಹಾಕಲು ನೋಡುತ್ತಾನೆ. ನಮ್ಮ ಕಾಲುವೆಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಒಬ್ಬನ ಇಂಜಿನ್ ಯಾರನ್ನೂ ಒಣಗಿಸುವುದಿಲ್ಲ. ಎಲ್ಲರ ಇಂಜಿನ್‌ಗಳು ಸೇರಿ ಒಂದು ತಾಲ್ಲೂಕನ್ನು ಒಣಗಿಸುತ್ತವೆ. ಒಬ್ಬ ಒಳ್ಳೆಯವನಾದರೆ ಕೆಳಗಿನವನಿಗೆ ಒಂದು ಕೊಡ ನೀರೂ ಹೆಚ್ಚಾಗುವುದಿಲ್ಲ, ಆ ಒಳ್ಳೆಯವನ ಪೈರು ಮಾತ್ರ ಜೊಳ್ಳಾಗುತ್ತದೆ. ವೈಯಕ್ತಿಕ ಸದ್ಗುಣಕ್ಕೆ ಇಲ್ಲಿ ಫಲವಿಲ್ಲ ಎಂದಾದರೆ ನೀತಿಗೆ ಕೆಲಸವೇನು?

ಹಳೆಯ ಕೆರೆಗಳ ವ್ಯವಸ್ಥೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿತ್ತು. ಕರ್ನಾಟಕದ ಅನೇಕ ಊರುಗಳಲ್ಲಿ ತೂಬು ಎತ್ತುವ, ಸರದಿಯಂತೆ ನೀರು ಬಿಡುವ ಕೆಲಸ ನೀರುಗಂಟಿಯದು. ರೈತ ತನ್ನ ಹೊಲಕ್ಕೆ ತಾನೇ ನೀರು ತಿರುಗಿಸುವಂತಿರಲಿಲ್ಲ. ಬಹಳ ಕಡೆ ನೀರುಗಂಟಿ ದಲಿತ ಸಮುದಾಯದವನು. ಅವನಿಗೆ ನೀರಿನ ಕೀಲಿ ಕೊಟ್ಟ ಊರು ಮತ್ತೆಷ್ಟೋ ವಿಷಯಗಳಲ್ಲಿ ಅವನನ್ನು ಹೊರಗೇ ಇಟ್ಟಿತ್ತು. ಆ ಕಾಲವನ್ನು ಬಂಗಾರದ್ದು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಕೆರೆಗೆ ಒಂದು ಗುಣವಿತ್ತು: ಏರಿಯ ಮೇಲೆ ನಿಂತರೆ ಮೊದಲ ಗದ್ದೆಯೂ ಕೊನೆಯ ಗದ್ದೆಯೂ ಒಟ್ಟಿಗೆ ಕಾಣುತ್ತಿದ್ದವು. ಯಾರ ಪೈರು ಬಾಡಿದೆ ಎಂಬುದು ಊರಿಗೇ ಗೊತ್ತಾಗುತ್ತಿತ್ತು. 227 ಕಿಲೋಮೀಟರಿನ ಕಾಲುವೆಯಲ್ಲಿ ಯಾವ ಏರಿಯಿಂದಲೂ ಕೊನೆ ಕಾಣುವುದಿಲ್ಲ. ಮೇಲಿನವನಿಗೆ ಕೆಳಗಿನವನು ಒಂದು ವದಂತಿ, ಪತ್ರಿಕೆಯಲ್ಲಿ ಬರುವ ರಸ್ತೆತಡೆಯ ಫೋಟೊ.

ಶ್ರೀಲಂಕಾದ ಹಳ್ಳಿಯ ಕೆರೆಗಳಲ್ಲಿ 'ಬೆತ್ಮ' ಎಂಬ ರೂಢಿಯೊಂದಿದೆ. ಕೆರೆ ಅರ್ಧವೇ ತುಂಬಿದ ವರ್ಷ ಅವರು ನೀರನ್ನು ಇಡೀ ಅಚ್ಚುಕಟ್ಟಿಗೆ ತೆಳ್ಳಗೆ ಹರಡುವುದಿಲ್ಲ. ಇರುವ ನೀರಿಗೆ ಎಷ್ಟು ನೆಲ ಬೆಳೆಯುತ್ತದೋ ಅಷ್ಟನ್ನು ಕೆರೆಯ ಹತ್ತಿರದಲ್ಲೇ ಗುರುತಿಸಿ, ಆ ನೆಲವನ್ನೇ ಆ ಒಂದು ಹಂಗಾಮಿಗೆ ಎಲ್ಲ ಪಾಲುದಾರರಿಗೂ ಹಂಚುತ್ತಾರೆ. ದೂರದ ಹೊಲದವನೂ ಆ ವರ್ಷ ಹತ್ತಿರದ ನೆಲದಲ್ಲಿ ತನ್ನ ಪಾಲು ಬೆಳೆದುಕೊಳ್ಳುತ್ತಾನೆ. ಹತ್ತಿರದ ಹೊಲದವನು ತನ್ನ ಭೂಮಿಯ ಒಂದು ಭಾಗವನ್ನು ಬಿಟ್ಟುಕೊಡುತ್ತಾನೆ. ಇದನ್ನು ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತು. ನಾವು ಬರಗಾಲದಲ್ಲಿ ನೀರನ್ನು ಹಂಚಿಕೊಳ್ಳುವ ಮಾತಾಡುತ್ತೇವೆ. ಅವರು ಹಂಚಿಕೊಂಡದ್ದು ಜಾಗವನ್ನು, ಮೇಲೆ ಇರುವ ಅದೃಷ್ಟವನ್ನು.

ನಮ್ಮ ನೆರೆಯ ಮಹಾರಾಷ್ಟ್ರದಲ್ಲೂ ಒಂದು ಉದಾಹರಣೆಯಿದೆ. 1972ರ ಬರಗಾಲದ ನಂತರ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ವಿಲಾಸರಾವ್ ಸಾಳುಂಖೆ ಕಟ್ಟಿದ ಪಾಣಿ ಪಂಚಾಯತ್, ನೀರನ್ನು ಹೊಲದ ವಿಸ್ತೀರ್ಣ ನೋಡಿ ಹಂಚದೆ ಮನೆಯ ಜನರನ್ನು ಎಣಿಸಿ ಹಂಚಿತು: ತಲೆಗೆ ಅರ್ಧ ಎಕರೆಯ ನೀರು. ಕಬ್ಬು ಬೆಳೆಯುವಂತಿಲ್ಲ. ಭೂಮಿ ಇಲ್ಲದವರಿಗೂ ನೀರಿನಲ್ಲಿ ಪಾಲು.

ಈ ಕೊನೆಯ ನಿಯಮ ನಮ್ಮ ಜಿಲ್ಲೆಗೆ ಬಂದರೆ ಏನಾದೀತು ಎಂದು ಯೋಚಿಸುತ್ತೇನೆ. ದೇವದುರ್ಗ ತಾಲ್ಲೂಕಿಗೆ ನದಿ ಬೇರೆ, ಕಾಲುವೆ ಬೇರೆ. ಅಲ್ಲಿಗೆ ಬರುವುದು ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ. ನೀರು ಕಡಿಮೆಯಾದಾಗ ಅಲ್ಲಿಯೂ ಚಾಲು-ಬಂದ್ ಪದ್ಧತಿ, ಅಲ್ಲಿಯೂ ಕೊನೆ ಭಾಗದವರ ಗೋಳು. ಆ ತಾಲ್ಲೂಕಿನ ಎಷ್ಟೋ ಕುಟುಂಬಗಳಿಗೆ ಯಾವ ಕಾಲುವೆಯ ಕೆಳಗೂ ಹೊಲವಿಲ್ಲ. ನಾಟಿಯ ಹೊತ್ತಿನಲ್ಲಿ ಟಂಟಂಗಳಲ್ಲಿ ತುಂಬಿಕೊಂಡು ಬೇರೆಯವರ ಗದ್ದೆಗೆ ಬರುವ ಹೆಂಗಸರು, ನೀರಿಲ್ಲದ ಹಂಗಾಮಿನಲ್ಲಿ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಮೇಲಿನವರ ದನಿ ಕೇಳುತ್ತದೆ, ಕೊನೆ ಭಾಗದವರ ಕೂಗೂ ಒಮ್ಮೊಮ್ಮೆ ಕೇಳುತ್ತದೆ. ಕಾಲುವೆ ಬಂದ್ ಆದರೆ ಕೂಲಿ ಬಂದ್ ಆಗುವವರು ಯಾರ ಲೆಕ್ಕದಲ್ಲೂ ಇಲ್ಲ. ಮಾವನ ಪರವಾಗಿ ಮಾತಾಡುವಾಗಲೂ ನಾನು ಹೊಲ ಇದ್ದವರ ಪರವಾಗಿಯೇ ಮಾತಾಡುತ್ತಿರುತ್ತೇನೆ.

ನನ್ನ ನಲ್ಲಿಯ ಮಾತನ್ನೂ ಬಿಡುವಂತಿಲ್ಲ. ರಾಯಚೂರು ನಗರದ ಒಂದು ಭಾಗಕ್ಕೆ ನೀರು ಕೊಡುವ ರಾಂಪುರ ಜಲಾಶಯ ತುಂಬುವುದು ಇದೇ ಎಡದಂಡೆ ಕಾಲುವೆಯಿಂದ. ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ, ಪ್ರಶ್ನಿಸಬಾರದು. ಆದರೆ ಕುಡಿಯಲು ಎಂದು ಬಂದ ಅದೇ ನೀರಿನಲ್ಲಿ ನಾವು ಅಂಗಳ ತೊಳೆಯುತ್ತೇವೆ, ಗಾಡಿ ತೊಳೆಯುತ್ತೇವೆ. ಆಗ ಆ ಆದ್ಯತೆಯ ನೆರಳಿನಲ್ಲಿ ನಾವೂ ಇಂಜಿನ್ ಇಟ್ಟವರೇ.

ಇನ್ನೂ ಒಂದು ಸಂಗತಿ ನನ್ನನ್ನು ತಬ್ಬಿಬ್ಬು ಮಾಡಿತು. ಮಾನ್ವಿ ತಾಲ್ಲೂಕು ಬರೀ ಕೊನೆ ಭಾಗವಲ್ಲ. ತುಂಗಭದ್ರೆಗೆ ಅಡ್ಡವಾಗಿರುವ ರಾಜೋಳಿಬಂಡಾ ಅಣೆಕಟ್ಟೆ ಇದೇ ಸೀಮೆಯಲ್ಲಿದೆ. ಅಲ್ಲಿಂದ ಹೊರಡುವ ಕಾಲುವೆ ಹರಿದು ಹೋಗುವುದು ತೆಲಂಗಾಣದ ಆಲಂಪುರದ ಕಡೆಗೆ. ನ್ಯಾಯಮಂಡಳಿ ಆ ಯೋಜನೆಗೆ ಇಟ್ಟ 17.1 ಟಿಎಂಸಿಯಲ್ಲಿ 15.9 ಅವರದು. ತಮ್ಮ ಪಾಲು ಮುಟ್ಟುತ್ತಿಲ್ಲ ಎಂದು ಅವರು ಹೇಳುತ್ತಾ ಬಂದಿದ್ದಾರೆ. ಅಂದರೆ ಎಡದಂಡೆಯಲ್ಲಿ ಕೊನೆಯವರಾದ ನಾವು ಇನ್ನೊಂದು ಕಾಲುವೆಯಲ್ಲಿ ಮೇಲಿನವರು. ಸಿಂಧನೂರಿನ ಬಗ್ಗೆ ಮಾನ್ವಿ ಆಡುವ ಮಾತನ್ನೇ ಮಾನ್ವಿಯ ಬಗ್ಗೆ ಆಲಂಪುರ ಆಡುತ್ತದೆ. ಕೆಳಗಿನವನಾಗಿರುವುದು ಒಂದು ಗುಣವಲ್ಲ, ಮೇಲಿನವನಾಗಿರುವುದು ಒಂದು ದೋಷವಲ್ಲ. ಎರಡೂ ಬರೀ ಜಾಗಗಳು.

ಜಲಾಶಯ ದೊಡ್ಡದಾದರೆ ಈ ಪ್ರಶ್ನೆಯೇ ಇರುವುದಿಲ್ಲ ಎನ್ನುವವರಿದ್ದಾರೆ. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ ಎಂಬುದು ನಿಜ. ನವಲಿಯ ಬಳಿ ಸಮತೋಲನ ಜಲಾಶಯದ ಪ್ರಸ್ತಾವ ವರ್ಷಗಳಿಂದ ಇದೆ, ಆದರೆ ಒಳ್ಳೆಯದೇ. ಆದರೆ ಹೆಚ್ಚು ನೀರು ಬಂದಾಗ ಮೇಲೆ ಇನ್ನಷ್ಟು ಭತ್ತ ಬಂದದ್ದೇ ಈ ಕಾಲುವೆಯ ಚರಿತ್ರೆ. ಅದಕ್ಕಿಂತ ಹೆಚ್ಚು ಕಲಿಸುವುದು ನೀರೇ ಇಲ್ಲದ ಹಂಗಾಮು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಆಮೇಲೆ ಎಲ್ಲ 33 ಗೇಟುಗಳನ್ನೂ ಬದಲಿಸುವ ಸಲುವಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ರೈತರು ಸರ್ಕಾರದ ಮೇಲೆ ಸಿಟ್ಟಾದರು, ಪರಿಹಾರ ಕೇಳಿದರು. ಆದರೆ ನಮ್ಮ ಮನೆತನದಲ್ಲಿ ಆ ಹಂಗಾಮಿನಲ್ಲಿ ಮೇಲಿನವರು ಕೆಳಗಿನವರು ಎಂಬ ಮಾತೇ ಬರಲಿಲ್ಲ. ಎಲ್ಲರಿಗೂ ಇಲ್ಲ ಎಂದಾಗ ಸಮಾನತೆ ಸುಲಭ. ಧಾರಾಳವಾಗಿದ್ದಾಗಲೂ ಸುಲಭ. ಸ್ವಲ್ಪ ಇದೆ ಎಂದಾಗಲೇ ಮನುಷ್ಯನ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಒಬ್ಬೊಬ್ಬನೇ ರಾತ್ರಿ ಇಂಜಿನ್ ಬಂದ್ ಮಾಡುವುದು ಉತ್ತರವಾಗಲಾರದು ಎಂದು ನೋಡಿದೆವು. ಹಾಗಾದರೆ ಒಬ್ಬೊಬ್ಬನ ಹೊಣೆ ಎಲ್ಲಿದೆ? ನನಗೆ ತೋಚುವುದು ಇಷ್ಟು. ಹೊಣೆ ಇರುವುದು ಹಗಲಿನಲ್ಲಿ, ಬಿತ್ತನೆಗೆ ಮುಂಚೆ. ಜುಲೈನಲ್ಲಿ ಜಲಾಶಯದ ಮಟ್ಟ ನೋಡಿ, ಈ ವರ್ಷ ಇಷ್ಟೇ ನೀರು, ಎಕರೆಗೆ ಇಷ್ಟೇ ಭತ್ತ, ಉಳಿದದ್ದಕ್ಕೆ ಒಣಬೆಳೆ, ಕೊನೆಯ ತೂಬಿಗೆ ಮೊದಲ ಸರದಿ ಎಂಬ ಕಟ್ಟಳೆಗೆ ಮೇಲಿನವನು ಕೈ ಎತ್ತಿ ಒಪ್ಪಬೇಕು. ಆ ಕಟ್ಟಳೆ ಲೀಸುದಾರನ ಕುತ್ತಿಗೆಗೆ ಮಾತ್ರ ಬೀಳದೆ ಹೊಲದ ಮಾಲೀಕನ ಲೀಸೂ ಆ ವರ್ಷ ಇಳಿಯಬೇಕು. ಇದು ತ್ಯಾಗವಲ್ಲ. ಕೊರತೆಯಲ್ಲಿ ತನ್ನ ಪಾಲನ್ನು ತೆಗೆದುಕೊಳ್ಳುವುದು ಅಷ್ಟೇ. ನೀರಿನ ಪಾಲು ಕೇಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ, ಕೊರತೆಯ ಪಾಲು ಕೇಳುವುದನ್ನು ಕಲಿತಿಲ್ಲ. ಇಂಥ ಕಟ್ಟಳೆ ನ್ಯಾಯವಾದದ್ದೋ ಅಲ್ಲವೋ ಎಂದು ತಿಳಿಯಲು ಪ್ರತಿಯೊಬ್ಬನೂ ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ನನ್ನ ಮಗಳನ್ನು ಕಾಲುವೆಯ ಯಾವ ಊರಿಗೆ ಕೊಡುತ್ತೇನೋ ಗೊತ್ತಿಲ್ಲದಿದ್ದರೆ ಈ ನಿಯಮಕ್ಕೆ ಒಪ್ಪುತ್ತಿದ್ದೆನೇ?

ಮೊನ್ನೆ ಮಾವ ರಾಯಚೂರಿಗೆ ಬಂದಿದ್ದರು. ಊಟಕ್ಕೆ ಕೂತಾಗ 2023ರ ಆ ರಾತ್ರಿಯ ವಿಷಯವನ್ನು ಕೊನೆಗೂ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ತಮ್ಮಾ. ಮಗಳು ಫೋನ್ ಮಾಡಿ ಅತ್ತಿದ್ಲು."

"ಮತ್ತ ಅಳಿಯರಿಗೆ ಏನೂ ಅನ್ಲಿಲ್ಲೇನು?"

"ಏನಂತ ಅನ್ನಲಿ? ನಾನು ಅಲ್ಲಿದ್ರ ಇಂಜಿನ್ ಇಡ್ತಿದ್ದಿಲ್ಲ ಅಂತ ಎದಿ ಮ್ಯಾಲ ಕೈ ಇಟ್ಟು ಹೇಳಾಕ ಆಗವಲ್ದು." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: "ಬರೋ ವರ್ಷ ನೀರಿನ ಮೀಟಿಂಗ್‌ಗೆ ಅಳಿಯರನ್ನ ನನ್ನ ಸಂಗಾಟ ಕರ್ಕೊಂಡು ಹೋಗ್ಬೇಕಂತ ಮಾಡೀನಿ. ಹೋಗೋಕಿಂತ ಮೊದಲ ಒಂದ್ಸಲ ನಮ್ಮ ತೂಬಿನ ಮ್ಯಾಲ ಕುಂದ್ರಿಸ್ತೀನಿ. ಕಣ್ಣಿಲೆ ನೋಡ್ಲಿ."

ಆಮೇಲೆ ಕೈ ತೊಳೆಯಲು ಎದ್ದರು. ನಲ್ಲಿ ತಿರುಗಿಸಿ, ಬೊಗಸೆಯಷ್ಟು ನೀರಿನಲ್ಲಿ ಕೈ ತೊಳೆದು, ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿದರು. ಅದು ಸ್ವಲ್ಪ ಸೋರುತ್ತಿತ್ತು. "ಇದನ್ನ ರಿಪೇರಿ ಮಾಡಿಸು" ಅಂದರು. ಮರುದಿನ ಮಾಡಿಸಿದೆ.